ಎಸ್ಸೆಸ್ಸೆಲ್ಸಿಯಿಂದ ಮೊದಲ ಸಂಬಳದವರೆಗೆ: ಮಂಗಳೂರು, ಉಡುಪಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯಲ್ಲಿ ಹದಿನೆಂಟು ದಾಟಿದ ಹುಡುಗನಿಗೆ ಕೆಲಸಕ್ಕೆ ಬರವಿಲ್ಲ. ಮೀನುಗಾರಿಕೆಯ ಧಕ್ಕೆಯಲ್ಲಿ, ಹೋಟೆಲಿನಲ್ಲಿ, ಇಂಟರ್‌ಲಾಕ್ ಹಾಕುವವರ ಹಿಂದೆ ನಾಳೆ ಬೆಳಿಗ್ಗೆಯೇ ಕೂಲಿ ಸಿಗುತ್ತದೆ. ಐದು ವರ್ಷ ಕಳೆದ ಮೇಲೂ ಅದೇ ಕೂಲಿಯಲ್ಲಿ ನಿಲ್ಲದಂಥ ಕೆಲಸ ಬೇಕಾದರೆ ನಡುವೆ ಒಂದು ಕಲಿಕೆ, ಒಂದು ಪ್ರಮಾಣಪತ್ರ ಬೇಕು. ಮನೆಯಲ್ಲಿ ದುಡ್ಡಿಲ್ಲದ, ಹಿಂದೆ ಯಾರೂ ಇಲ್ಲದ ಮಕ್ಕಳು ಜಾರಿಬೀಳುವುದು ಮೂರು ಕಡೆ: ಶಾಲೆ ಬಿಟ್ಟು ಐಟಿಐ ಸೇರುವ ನಡುವೆ, ಕೋರ್ಸಿನ ಮೊದಲ ಎರಡು ತಿಂಗಳಲ್ಲಿ ಮತ್ತು ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳಲ್ಲಿ. ಪೋಷಕರು, ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು ಕೇಳುವ ಪ್ರಶ್ನೆಗಳೂ ಹೆಚ್ಚಾಗಿ ಈ ಮೂರು ಜಾಗದವೇ.

ಮಗ ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಫೇಲ್. ಇನ್ನು ಐಟಿಐ ಸಿಗುವುದಿಲ್ಲವಾ?

ಸಿಗುತ್ತದೆ, ಆದರೆ ಎಲ್ಲ ಟ್ರೇಡೂ ಅಲ್ಲ. ವೆಲ್ಡರ್, ಪ್ಲಂಬರ್, ಕಾರ್ಪೆಂಟರ್, ಹೊಲಿಗೆ ತಂತ್ರಜ್ಞಾನ ಇವು ಒಂದು ವರ್ಷದ ಟ್ರೇಡ್‌ಗಳು; ವೈರ್‌ಮನ್ ಎರಡು ವರ್ಷದ್ದು. ಇವಕ್ಕೆಲ್ಲ 8ನೇ ತರಗತಿ ಪಾಸಾಗಿದ್ದರೆ ಸಾಕು. ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಬೇಕಾದರೆ ವಿಜ್ಞಾನ, ಗಣಿತ ಓದಿ 10ನೇ ತರಗತಿ ಪಾಸಾಗಿರಲೇಬೇಕು. ಸೇರಲು ಕನಿಷ್ಠ ವಯಸ್ಸು 14. ಗರಿಷ್ಠ ಮಿತಿ ಇಲ್ಲ. ಎರಡು ವರ್ಷ ಮನೆಯಲ್ಲಿ ಕುಳಿತವನೂ, ಧಕ್ಕೆಗೆ ಹೋಗಿ ಬೇಸತ್ತು ಬಂದವನೂ ಸೇರಬಹುದು.

ಆದರೂ ಮೊದಲು ಫೇಲಾದ ವಿಷಯಗಳನ್ನು ಬರೆಯಿಸಿ. 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಫಲಿತಾಂಶದ ದಿನ ಮನೆಯಲ್ಲಿ ಗಲಾಟೆಯಾಗಿ, ಹುಡುಗ ಮಾವನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಪರೀಕ್ಷೆ 2ರ ಶುಲ್ಕ ಕಟ್ಟುವ ಕೊನೆಯ ದಿನ ದಾಟಿಹೋಗುವುದು ಪ್ರತಿ ವರ್ಷದ ಕತೆ. ಫಲಿತಾಂಶ ಬಂದ ವಾರದಲ್ಲೇ ಶಾಲೆಗೆ ಹೋಗಿ ನೋಂದಣಿ ಮುಗಿಸಿ. ಬೈಯುವುದಿದ್ದರೆ ಆಮೇಲೆ ಬೈದರಾಯಿತು.

ಶಾಲೆ ಬಿಟ್ಟು ವರ್ಷಗಳೇ ಆಗಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ 10ನೇ ತರಗತಿ ಕಟ್ಟಬಹುದು. 8ನೇ ತರಗತಿಯ ಆಧಾರದಲ್ಲಿ ಐಟಿಐ ಮುಗಿಸಿದವರಿಗೆ ಅಲ್ಲಿ ಐಟಿಐ ಕಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆಯೂ ಇದೆ. 10ನೇ ತರಗತಿಯ ಬೆಲೆ ಐಟಿಐ ಬಾಗಿಲಿಗಷ್ಟೇ ಸೀಮಿತವಲ್ಲ. ಪಾಸ್‌ಪೋರ್ಟ್, ವಿದ್ಯಾರ್ಥಿವೇತನ, ಅಪ್ರೆಂಟಿಸ್ ಭತ್ಯೆ ಎಲ್ಲ ಕಡೆಯೂ ಅದು ಇಲ್ಲದಿದ್ದರೆ ಅಡ್ಡಿಯಾಗುತ್ತದೆ.

ಸದ್ಯಕ್ಕೆ ಎಲ್ಲಾದರೂ ಕೆಲಸಕ್ಕೆ ಹಾಕಿದರೆ ತಪ್ಪೇನು?

14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಮಾಲೀಕರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 14ರಿಂದ 18ರವರನ್ನು ಗಣಿ, ಸ್ಫೋಟಕ ಮತ್ತು ಕಾನೂನು ಅಪಾಯಕಾರಿ ಎಂದು ಪಟ್ಟಿ ಮಾಡಿದ ಪ್ರಕ್ರಿಯೆಗಳಿಗೆ ಹಾಕುವಂತಿಲ್ಲ. ಉಳಿದ ಕೆಲಸಗಳಲ್ಲೂ ವಿರಾಮ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯುವ ಹದಿನಾರರ ಹುಡುಗನ ವಿಷಯದಲ್ಲಿ ಇದರಲ್ಲಿ ಯಾವುದೂ ಪಾಲನೆಯಾಗುತ್ತಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ತೊಂದರೆಯಲ್ಲಿರುವ ಮಗುವನ್ನು ಕಂಡರೆ 1098ಕ್ಕೆ ಕರೆ ಮಾಡಿ.

ಯಾವ ಟ್ರೇಡ್ ಒಳ್ಳೆಯದು?

ಎಲ್ಲರೂ ಎಲೆಕ್ಟ್ರಿಷಿಯನ್ ಕೇಳುತ್ತಾರೆ. ನೆರೆಮನೆಯವನು ಅದನ್ನೇ ಓದಿದ್ದ ಎಂಬುದು ಸಾಮಾನ್ಯ ಕಾರಣ. ನಾವು ಮಗುವಿನ ಬಗ್ಗೆ ಮೂರು ವಿಷಯ ಕೇಳುತ್ತೇವೆ: ದೇಹ ಯಾವುದಕ್ಕೆ ಒಗ್ಗುತ್ತದೆ, ಬಸ್ಸು ಯಾವ ಕಡೆಗಿದೆ, ಮನೆಯವರು ಎಷ್ಟು ಸಮಯ ಕಾಯಬಲ್ಲರು.

ಒಂದೇ ವರ್ಷ ಕಾಯಬಲ್ಲ ಮನೆಯ, ಬಿಸಿಲು, ಬೆಂಕಿ ತಡೆಯಬಲ್ಲ ಹುಡುಗನಿಗೆ ವೆಲ್ಡರ್ ಚೆನ್ನಾಗಿ ಹೊಂದುತ್ತದೆ. ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಯೆಯ್ಯಾಡಿಯ ವರ್ಕ್‌ಶಾಪ್‌ಗಳು, ಮಲ್ಪೆಯ ದೋಣಿ ಕಟ್ಟುವ ಯಾರ್ಡ್‌ಗಳು, ಊರೂರಿನ ಗ್ರಿಲ್ ಅಂಗಡಿಗಳು ಎಲ್ಲದಕ್ಕೂ ವೆಲ್ಡರ್ ಬೇಕು. ಆದರೆ ಕಣ್ಣಿನ ತೊಂದರೆ, ಉಬ್ಬಸ ಇರುವವರನ್ನು ಇದಕ್ಕೆ ಹಾಕಬೇಡಿ.

ಎಸಿ ಮತ್ತು ಫ್ರಿಜ್ ಟ್ರೇಡ್ ಎರಡು ವರ್ಷದ್ದು. ಕರಾವಳಿಯಲ್ಲಿ ಇದಕ್ಕೆ ವರ್ಷವಿಡೀ ಕೆಲಸವಿದೆ. ಸೆಕೆ ಒಂದು ಕಾರಣ. ಉಪ್ಪುಗಾಳಿಗೆ ಹೊರಗಿನ ಯೂನಿಟ್ಟಿನ ಕಾಯಿಲ್ ಬೇಗ ತಿಂದುಹೋಗುವುದು ಇನ್ನೊಂದು. ಮೀನಿನ ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್‌ಗಳಿಗೂ ಇವರೇ ಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟಿನವರಿಗೆ ರಜೆಯಾದರೂ ಎಂಜಿನ್ ರಿಪೇರಿಯವರಿಗೆ ಅದೇ ಸೀಸನ್. ಹಾಗಾಗಿ ಮೀನುಗಾರ ಕುಟುಂಬದ, ಸಮುದ್ರಕ್ಕೆ ಹೋಗಲು ಇಷ್ಟವಿಲ್ಲದ ಹುಡುಗನಿಗೆ ಡೀಸೆಲ್ ಮೆಕ್ಯಾನಿಕ್ ಸಹಜವಾದ ಆಯ್ಕೆ.

ಎಲೆಕ್ಟ್ರಿಷಿಯನ್ ಓದುವುದಿದ್ದರೆ ಒಂದು ಮಾತು ಗೊತ್ತಿರಲಿ: ಐಟಿಐ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಸ್ವಂತವಾಗಿ ವೈರಿಂಗ್ ಗುತ್ತಿಗೆ ಹಿಡಿಯುವಂತಿಲ್ಲ. ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಲೈಸೆನ್ಸ್ ಬೇರೆಯೇ ಮಾಡಿಸಬೇಕು. ಕೋಪಾ, ಅಂದರೆ ಒಂದು ವರ್ಷದ ಕಂಪ್ಯೂಟರ್ ಟ್ರೇಡ್, ಸೇರಲು ಸುಲಭ. ಅದೊಂದನ್ನೇ ನಂಬಿದರೆ ಡಿಗ್ರಿಯವರ ಜೊತೆ ಪೈಪೋಟಿ ಮಾಡಬೇಕಾಗುತ್ತದೆ. ಕನ್ನಡ, ಇಂಗ್ಲಿಷ್ ಟೈಪಿಂಗ್ ಮತ್ತು ಟ್ಯಾಲಿ ಜೊತೆಗಿದ್ದರೆ ಮಾತ್ರ ನಮ್ಮ ಸಲಹೆ.

ಐಟಿಐ ಬಿಟ್ಟರೆ ಬೇರೆ ಏನಿದೆ?

ಓದಿನಲ್ಲಿ ಪರವಾಗಿಲ್ಲ, ನಾಲ್ಕು ವರ್ಷ ಕಾಯಬಹುದು ಎಂದಾದರೆ ಬೈಕಂಪಾಡಿಯ ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾ ನೋಡಿ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ಇದೆ. ಡಿಪ್ಲೊಮಾ ಮೂರು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು ಎಂಬುದು ಹಲವರಿಗೆ ಗೊತ್ತೇ ಇಲ್ಲ. ಒಂದು ವರ್ಷದ ಟ್ರೇಡ್ ಆರಿಸುವ ಮೊದಲು ಇದನ್ನೂ ಲೆಕ್ಕ ಹಾಕಿ.

18 ದಾಟಿದವರಿಗೆ ಉಜಿರೆ ಮತ್ತು ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಗಳಿವೆ, ಅಂದರೆ ಸ್ವಉದ್ಯೋಗ ತರಬೇತಿ ಕೇಂದ್ರಗಳು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ ಈ ಮಾದರಿಯೇ ಮುಂದೆ ದೇಶದ ಎಲ್ಲ ಜಿಲ್ಲೆಗಳ ಆರ್‌ಸೆಟಿಗಳಿಗೆ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ) ಮೇಲ್ಪಂಕ್ತಿಯಾಯಿತು. ಊಟ, ವಸತಿ, ತರಬೇತಿ ಉಚಿತ. ಕೆಲವೇ ವಾರಗಳ ಕೋರ್ಸು: ಮೊಬೈಲ್ ರಿಪೇರಿ, ಹೊಲಿಗೆ, ಬ್ಯೂಟಿ ಪಾರ್ಲರ್, ಮೋಟಾರ್ ರೀವೈಂಡಿಂಗ್ ಮುಂತಾದವು. ಇವು ಸ್ವಂತ ಉದ್ಯೋಗಕ್ಕೆಂದು ರೂಪಿಸಿದ ಕೋರ್ಸುಗಳು. ಕಂಪನಿ ಕೆಲಸ ಬೇಕೆನ್ನುವವನು ಇಲ್ಲಿಗೆ ಹೋಗಿ ಆಮೇಲೆ ಬೇಸರಪಡುವುದು ಬೇಡ. ಗ್ರಾಮೀಣ ಬಡ ಕುಟುಂಬದವರಿಗಾದರೆ ದೀನದಯಾಳ್ ಗ್ರಾಮೀಣ ಕೌಶಲ್ಯ ಯೋಜನೆ ಇದೆ. 15ರಿಂದ 35 ವರ್ಷ. ಅದರಲ್ಲಿ ತರಬೇತಿಯ ಜೊತೆ ಕೆಲಸಕ್ಕೆ ಸೇರಿಸುವ ಹೊಣೆಯೂ ತರಬೇತಿ ಸಂಸ್ಥೆಯದ್ದೇ.

ಅರ್ಜಿ ಹಾಕಲು ಏನೇನು ಬೇಕು? ಯಾವುದು ಕೈಕೊಡುತ್ತದೆ?

ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಭಾವಚಿತ್ರ, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ, ಬಳಕೆಯಲ್ಲಿರುವ ಮೊಬೈಲ್ ನಂಬರ್. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಸರ್ಕಾರಿ ಐಟಿಐಗಳ ಪ್ರವೇಶ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಮೂಲಕ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಆದರೆ ಸೈಬರ್ ಸೆಂಟರಿಗೆ ಹೋಗುವ ಮೊದಲು ಹತ್ತಿರದ ಐಟಿಐಗೇ ಹೋಗಿ ಕೇಳಿ.

ಕೈಕೊಡುವ ಜಾಗಗಳು ಇವು. ಆಧಾರ್‌ನಲ್ಲಿ "ಮೊಹಮ್ಮದ್", ಅಂಕಪಟ್ಟಿಯಲ್ಲಿ "ಮಹಮ್ಮದ್". ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಮನೆತನದ ಹೆಸರು. ಅಂಕಪಟ್ಟಿಯನ್ನು ತಿದ್ದಿಸುವುದು ತಿಂಗಳುಗಟ್ಟಲೆಯ ಕೆಲಸ. ಆಧಾರ್ ತಿದ್ದಿಸುವುದು ಅದಕ್ಕಿಂತ ಸಲೀಸು. ಹಾಗಾಗಿ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ಮಾಡಿಸಿ, ಆಮೇಲೆ ಬ್ಯಾಂಕ್ ಖಾತೆ. ಈ ಕ್ರಮ ತಪ್ಪಬೇಡಿ.

ಬ್ಯಾಂಕಿಗೆ ಆಧಾರ್ ಕೊಟ್ಟಾಗಿದೆ, ಆದರೂ ಹಣ ಬರುತ್ತಿಲ್ಲ ಎನ್ನುವವರು ಬಹಳ. ಖಾತೆಗೆ ಆಧಾರ್ ನಂಬರ್ ಸೇರಿಸುವುದು ಬೇರೆ, ಸರ್ಕಾರಿ ಹಣ ಬರುವ ಖಾತೆ ಇದೇ ಎಂದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಗೆ ಸೇರಿಸುವುದು ಬೇರೆ. ಕೌಂಟರಿನಲ್ಲಿ "ಡಿಬಿಟಿಗೆ ಸೀಡಿಂಗ್ ಮಾಡಿಕೊಡಿ" ಎಂದೇ ಕೇಳಿ; ಡಿಬಿಟಿ ಎಂದರೆ ಸರ್ಕಾರಿ ಹಣದ ನೇರ ಜಮೆ, ಸೀಡಿಂಗ್ ಎಂದರೆ ಈ ಜೋಡಣೆ. ಹಳೆಯ ಖಾತೆಯೊಂದಕ್ಕೆ ಸೀಡಿಂಗ್ ಆಗಿದ್ದರೆ ಹಣ ಅಲ್ಲಿಗೇ ಹೋಗುತ್ತದೆ. ವಿದ್ಯಾರ್ಥಿವೇತನ ಬಂದಿಲ್ಲವೆಂದು ಕಚೇರಿ ಸುತ್ತುವ ಮೊದಲು ಆ ಖಾತೆ ನೋಡಿ.

ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವವರ ಮಕ್ಕಳಿಗೆ ಜಾತಿ, ಆದಾಯ ಪ್ರಮಾಣಪತ್ರವೇ ದೊಡ್ಡ ತೊಡಕು. ದಾಖಲೆಗಳೆಲ್ಲ ಊರಿನ ವಿಳಾಸದಲ್ಲಿರುವುದರಿಂದ ನಾಡಕಚೇರಿಯ ಕೆಲಸವೂ ಅಲ್ಲೇ ಆಗಬೇಕಾಗುತ್ತದೆ. ಫಲಿತಾಂಶದ ನಂತರ ಊರಿಗೆ ಓಡುವ ಬದಲು ಏಪ್ರಿಲ್–ಮೇ ರಜೆಯಲ್ಲಿ ಊರ ಜಾತ್ರೆಗೆ ಹೋದಾಗಲೇ ಮಾಡಿಸಿಕೊಂಡು ಬನ್ನಿ. 10ನೇ ತರಗತಿಯ ಶಿಕ್ಷಕರು ಮಾರ್ಚ್‌ನಲ್ಲೇ ಇದನ್ನು ನೆನಪಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಫೀಸು ಕಡಿಮೆ ಅಂತಾರೆ. ಉಳಿದ ಖರ್ಚಿಗೆ ಏನು ಮಾಡುವುದು?

ಸರ್ಕಾರಿ ಐಟಿಐಯಲ್ಲಿ ಫೀಸು ದೊಡ್ಡ ಹೊರೆಯಲ್ಲ. ಮಕ್ಕಳು ಬಿಡುವುದು ಬಸ್ಸಿಗೆ, ಮಧ್ಯಾಹ್ನದ ಊಟಕ್ಕೆ, ಯೂನಿಫಾರ್ಮು ಮತ್ತು ಸೇಫ್ಟಿ ಶೂಗೆ. ಸೇರುವ ದಿನವೇ ಈ ಮೂರರ ಲೆಕ್ಕ ಕಾಗದದ ಮೇಲೆ ಹಾಕಿ. ನಮ್ಮ ಎರಡು ಜಿಲ್ಲೆಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು. ಖಾಸಗಿ ಸಿಟಿ ಮತ್ತು ಸರ್ವಿಸ್ ಬಸ್ಸಿನಲ್ಲಿ ವಿದ್ಯಾರ್ಥಿ ರಿಯಾಯಿತಿ ಬೇಕಾದರೆ ಸಂಸ್ಥೆಯ ಗುರುತಿನ ಚೀಟಿ ಬೇಕು. ಆ ಚೀಟಿ ಸಿಗುವವರೆಗಿನ ವಾರಗಳಲ್ಲಿ ಪೂರ್ತಿ ಟಿಕೆಟ್ ಕೊಡಬೇಕಾಗುತ್ತದೆ, ಮಕ್ಕಳು ನಿಲ್ಲುವುದೂ ಆಗಲೇ. ಪ್ರಾಂಶುಪಾಲರಿಂದ ಒಂದು ತಾತ್ಕಾಲಿಕ ದೃಢೀಕರಣ ಪತ್ರ ಪಡೆದುಕೊಳ್ಳಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾರಿಗೆ ನಿಗಮದ ಬಸ್ಸಿಗೆ ಮಾತ್ರ. ನಿಮ್ಮ ದಾರಿಯಲ್ಲಿ ಆ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಇದೆ ನೋಡಿ ಆಮೇಲೆ ಮಗಳ ಖರ್ಚಿನ ಲೆಕ್ಕ ಹಾಕಿ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹೆಸರೇ "ಮೆಟ್ರಿಕ್ ನಂತರದ" ಎಂದು ಇರುವುದರಿಂದ 8ನೇ ತರಗತಿಯ ಆಧಾರದಲ್ಲಿ ಸೇರಿದವರು ತಮಗೆ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ತಾಯಿ ಬೀಡಿ ಕಟ್ಟುವವರಾದರೆ, ಅವರ ಬಳಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ, ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ತಂದೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಅಲ್ಲಿಯೂ ಮಕ್ಕಳ ಶೈಕ್ಷಣಿಕ ನೆರವಿದೆ. ಕಾರ್ಡು ನವೀಕರಿಸದೆ ಅರ್ಜಿ ಬಿದ್ದುಹೋಗುವುದೇ ಹೆಚ್ಚು, ಹಾಗಾಗಿ ಕಾರ್ಡಿನ ಕೊನೆಯ ದಿನಾಂಕ ನೋಡಿ.

ಇವೆಲ್ಲ ಬರುವುದು ವರ್ಷದ ಕೊನೆಗೆ, ಕೆಲವೊಮ್ಮೆ ಅದೂ ದಾಟಿ. ವಿದ್ಯಾರ್ಥಿವೇತನ ನಂಬಿ ಬಸ್ಸು ಹತ್ತಬೇಡಿ. ಊರಿನ ಯುವಕ ಮಂಡಲ, ದೇವಸ್ಥಾನ, ಮಸೀದಿ, ಇಗರ್ಜಿಯವರು ಒಮ್ಮೆಗೆ ಸಾವಿರಾರು ರೂಪಾಯಿ ಕೊಡುವ ಬದಲು ಮೊದಲ ಮೂರು ತಿಂಗಳ ಬಸ್ ಪಾಸ್ ಮತ್ತು ಒಂದು ಜೊತೆ ಶೂ ಕೊಟ್ಟರೆ ಹೆಚ್ಚು ಉಪಕಾರ.

ಸೇರಿದ ಎರಡೇ ತಿಂಗಳಿಗೆ ಬಿಟ್ಟುಬಿಟ್ಟ. ಯಾಕೆ ಹೀಗಾಗುತ್ತದೆ?

ಸೋಮಾರಿತನ ಎಂದು ತೀರ್ಮಾನ ಮಾಡುವ ಮೊದಲು ಇವನ್ನು ನೋಡಿ. ಫಿಟ್ಟರ್ ಟ್ರೇಡಿನಲ್ಲಿ ಮೊದಲ ವಾರಗಳೆಲ್ಲ ಅರ ಹಿಡಿದು ಉಜ್ಜುವುದೇ. ಕೈ ಬೊಬ್ಬೆ ಬರುತ್ತದೆ, ಯಂತ್ರ ಮುಟ್ಟಲು ಬಿಡುವುದಿಲ್ಲ, ಇದಕ್ಕೇನಾ ಬಂದದ್ದು ಎನಿಸುತ್ತದೆ. ವೆಲ್ಡಿಂಗಿನಲ್ಲಿ ಒಮ್ಮೆ ಶೀಲ್ಡ್ ಇಲ್ಲದೆ ಕಿಡಿ ನೋಡಿದರೆ ಆ ರಾತ್ರಿ ಕಣ್ಣಲ್ಲಿ ಮರಳು ಸುರಿದಂತೆ ಉರಿ. ಮರುದಿನ ಹುಡುಗ ಬರುವುದಿಲ್ಲ, ತಾಯಿ ಕಳಿಸುವುದಿಲ್ಲ. ಹೀಗೂ ಆಗುತ್ತದೆ, ಶೀಲ್ಡ್ ಬಿಡಬಾರದು ಎಂದು ಮನೆಯವರಿಗೂ ಮೊದಲೇ ಹೇಳಿಟ್ಟರೆ ಅರ್ಧ ಮಂದಿ ಉಳಿಯುತ್ತಾರೆ.

ಇನ್ನೊಂದು ಗಣಿತ. ವರ್ಕ್‌ಶಾಪ್ ಲೆಕ್ಕ ಎಂದರೆ ಭಿನ್ನರಾಶಿ, ದಶಮಾಂಶ, ಶೇಕಡಾ, ಕ್ಷೇತ್ರಫಲ. 7ನೇ ತರಗತಿಯ ಈ ಗಣಿತವೇ ಗಟ್ಟಿಯಿಲ್ಲದೆ ವರ್ನಿಯರ್ ಕ್ಯಾಲಿಪರಿನಲ್ಲಿ 0.02 ಮಿ.ಮೀ. ಓದುವುದು ಹೇಗೆ? ಸೇರುವ ಮೊದಲಿನ ಬೇಸಿಗೆಯಲ್ಲಿ ದಿನಕ್ಕೆ ಒಂದು ಗಂಟೆಯಂತೆ ಒಂದು ತಿಂಗಳು ಇದನ್ನಷ್ಟೇ ಹೇಳಿಕೊಟ್ಟರೂ ಫಲ ಕಾಣುತ್ತದೆ.

ಮೂರನೆಯದು ಹಾಜರಿ. ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರಲು 80% ಹಾಜರಿ ಬೇಕು. ಭತ್ತದ ನಾಟಿ, ಮನೆಯಲ್ಲಿ ಕಾಯಿಲೆ, ಕೋಲ, ಉರೂಸ್, ಸಾಂತ್‌ಮಾರಿ ಎಂದು ಹೋದ ದಿನಗಳು ಕೂಡಿ ಜನವರಿಗೆ 70% ಆಗಿರುತ್ತದೆ, ಆಗ ಹುಡುಗ ಇನ್ನೇನು ಎಂದು ಕೈಚೆಲ್ಲುತ್ತಾನೆ. ತಿಂಗಳ ಕೊನೆಗೆ ಹಾಜರಿ ಸಂಖ್ಯೆ ಕೇಳುವ ಒಬ್ಬ ಹಿರಿಯರು ಇರಬೇಕು. ಮಾವನಾದರೂ ಆದೀತು, ವಾರ್ಡನ್ ಆದರೂ ಆದೀತು. ಎರಡು ಚಕ್ರದ ಗಾಡಿ ಇದ್ದವನಿಗೆ ಊಟ ತಲುಪಿಸುವ ಕೆಲಸದಲ್ಲಿ ಈಗಲೇ ಸಿಗುವ ಹಣ ಬೇರೆ ಸೆಳೆಯುತ್ತದೆ. ಸಂಜೆ ಅದನ್ನು ಮಾಡಿ ಬೆಳಿಗ್ಗೆ ತರಗತಿಗೆ ಬರುವವರೂ ಇದ್ದಾರೆ. ವಯಸ್ಸು 18 ಆಗಿದ್ದು ಲೈಸೆನ್ಸ್ ಇದ್ದರೆ ನಾವು ಬೇಡ ಎನ್ನುವುದಿಲ್ಲ.

ಅಪ್ರೆಂಟಿಸ್ ಎಂದರೆ ಕಡಿಮೆ ಸಂಬಳಕ್ಕೆ ದುಡಿಸುವುದಲ್ಲವೇ?

ಒಪ್ಪಂದ ನೋಂದಣಿಯಾಗದಿದ್ದರೆ ಹೌದು, ಅಷ್ಟೇ. ನೋಂದಣಿಯಾದರೆ ಅದು 1961ರ ಅಪ್ರೆಂಟಿಸ್ ಕಾಯ್ದೆಯ ತರಬೇತಿ. 30 ಮತ್ತು ಹೆಚ್ಚು ನೌಕರರಿರುವ ಸಂಸ್ಥೆ ತನ್ನ ಸಿಬ್ಬಂದಿಯ 2.5%ರಿಂದ 15%ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿಯಿರುವ ಸಂಸ್ಥೆ ಬಯಸಿದರೆ ತೆಗೆದುಕೊಳ್ಳಬಹುದು. ಅಂದರೆ ಊರಿನ ಮಧ್ಯಮ ಗಾತ್ರದ ಗ್ಯಾರೇಜಿಗೂ ದಾರಿ ಇದೆ.

ಕ್ರಮ ಹೀಗೆ: ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಅಭ್ಯರ್ಥಿಯಾಗಿ ನೋಂದಣಿ, ಆಧಾರ್ ಇ-ಕೆವೈಸಿ, ಸಂಸ್ಥೆ ಹುಡುಕಿ ಅರ್ಜಿ, ಸಂಸ್ಥೆಯ ಒಪ್ಪಿಗೆ, ಆನ್‌ಲೈನ್ ಒಪ್ಪಂದ. 18 ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕು. ಒಪ್ಪಂದದ ಸಂಖ್ಯೆ ಬರುವವರೆಗೆ ಕೆಲಸಕ್ಕೆ ಹೋಗಬೇಡಿ. "ಮೊದಲು ಬಾ, ಕಾಗದ ಆಮೇಲೆ ಮಾಡೋಣ" ಎಂದವರಲ್ಲಿ ಕಾಗದ ಆಗುವುದು ಅಪರೂಪ. ಆ ನಡುವೆ ಬೆರಳು ಸಿಕ್ಕಿಹಾಕಿಕೊಂಡರೆ ಕೇಳುವವರಿಲ್ಲ. ಒಪ್ಪಂದ ಇದ್ದರೆ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು.

2019ರ ನಿಯಮ ನಿಗದಿಪಡಿಸಿದ ಕನಿಷ್ಠ ಭತ್ಯೆ 5ರಿಂದ 9ನೇ ತರಗತಿಯವರಿಗೆ ತಿಂಗಳಿಗೆ 5,000, 10ನೇ ತರಗತಿಯವರಿಗೆ 6,000, ಐಟಿಐ ಪಾಸಾದವರಿಗೆ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ. ಎರಡನೇ ವರ್ಷ 10%, ಮೂರನೇ ವರ್ಷ 15% ಹೆಚ್ಚು. ಒಪ್ಪಂದಕ್ಕೆ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ದರ ನೋಡಿಕೊಳ್ಳಿ. ಒಂದು ತಿಂಗಳ ಭತ್ಯೆ ಮುಂದಿನ ತಿಂಗಳ 10ರೊಳಗೆ ಬರಬೇಕು. ಕೇಂದ್ರದ ಪ್ರೋತ್ಸಾಹ ಯೋಜನೆಯಡಿ ಬರುವ ಸರ್ಕಾರದ ಪಾಲು, ಅಂದರೆ ಭತ್ಯೆಯ 25%, ಗರಿಷ್ಠ 1,500 ರೂಪಾಯಿ, ಅಪ್ರೆಂಟಿಸ್‌ನ ಖಾತೆಗೇ ನೇರ ಬರುತ್ತದೆ. ಮೇಲೆ ಹೇಳಿದ ಸೀಡಿಂಗ್ ಇಲ್ಲಿಯೂ ಬೇಕು.

ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯವಿಲ್ಲ. ಆದರೆ ಕೊನೆಗೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಬೆಲೆ ಇದೆ: ರೈಲ್ವೆ ನೇಮಕಾತಿ ಮಂಡಳಿಯ ಲೆವೆಲ್ 1 ಹುದ್ದೆಗಳಲ್ಲಿ 20% ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ಯುವನಿಧಿ ಭತ್ಯೆಯ ಆಸೆಯಲ್ಲಿ ಐಟಿಐ ಮಕ್ಕಳು ಕಾಯುವುದು ಬೇಡ; ಅದು ಪದವಿ ಮತ್ತು ಡಿಪ್ಲೊಮಾ ಆದವರಿಗೆ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಮಾತಿಗಿಂತ ಕೈಯನ್ನು ನೋಡುತ್ತಾರೆ. ಎಲೆಕ್ಟ್ರಿಷಿಯನ್‌ಗೆ ಮೆಟ್ಟಿಲಿನ ದೀಪಕ್ಕೆ ಎರಡು ಟೂ-ವೇ ಸ್ವಿಚ್ ಜೋಡಿಸು ಎನ್ನುತ್ತಾರೆ, ಮೋಟಾರು ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ತೋರಿಸಿ ಅದು ಯಾಕೆ ಎಂದು ಕೇಳುತ್ತಾರೆ. ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದವನು ಅಲ್ಲಿಗೇ ಔಟ್, ಅದು ಫೇಸಿಗೇ ಬರಬೇಕು.

ವೆಲ್ಡರ್‌ಗೆ 6 ಮಿ.ಮೀ. ಪ್ಲೇಟಿನ ಎರಡು ತುಂಡು ಕೊಟ್ಟು ಬಟ್ ಜಾಯಿಂಟ್ ಮಾಡಿಸುತ್ತಾರೆ. 3.15 ಮಿ.ಮೀ. 6013 ರಾಡಿಗೆ 90ರಿಂದ 130 ಆಂಪಿಯರ್. ಕರೆಂಟ್ ಕಡಿಮೆಯಾದರೆ ರಾಡ್ ಅಂಟುತ್ತದೆ, ಹೆಚ್ಚಾದರೆ ಬದಿಯಲ್ಲಿ ಅಂಡರ್‌ಕಟ್, ಅಂದರೆ ಪ್ಲೇಟ್ ಕೊರೆದುಹೋದ ಗೀರು. ಒಂದು ಪದರದ ಸ್ಲ್ಯಾಗ್ (ಮೇಲೆ ಗಟ್ಟಿಯಾಗುವ ಕಿಟ್ಟ) ಬಡಿದು ತೆಗೆಯದೆ, ತಂತಿ ಬ್ರಷ್ ಹೊಡೆಯದೆ ಎರಡನೆಯದು ಹಾಕಿದರೆ ಸ್ಲ್ಯಾಗ್ ಒಳಗೇ ಉಳಿದು ಬಗ್ಗಿಸಿದಾಗ ಮುರಿಯುತ್ತದೆ. ಕರಾವಳಿಯದ್ದೇ ಒಂದು ಸಮಸ್ಯೆ ಬೇರೆ ಇದೆ: ಮಳೆಗಾಲದಲ್ಲಿ ತೆರೆದಿಟ್ಟ ರಾಡ್ ತಂಡಿ ಹಿಡಿಯುತ್ತದೆ, ಸಿಡಿಯುತ್ತದೆ, ವೆಲ್ಡಿನಲ್ಲಿ ಸಣ್ಣ ತೂತು ಬೀಳುತ್ತದೆ. ಪರೀಕ್ಷೆಗೆ ಮೊದಲು "ರಾಡ್ ಒಣಗಿಸಿದ್ದಾ?" ಎಂದು ಕೇಳುವ ಹುಡುಗನನ್ನು ಫೋರ್‌ಮನ್ ತಲೆಯೆತ್ತಿ ನೋಡುತ್ತಾನೆ.

ಬಯೊಡೇಟಾ ಒಂದೇ ಪುಟ ಸಾಕು. ತುಳು, ಬ್ಯಾರಿ, ಕೊಂಕಣಿ, ಕನ್ನಡ, ಹಿಂದಿ ಗೊತ್ತಿದ್ದರೆ ಎಲ್ಲವನ್ನೂ ಬರೆಯಿರಿ. ಗ್ರಾಹಕರ ಮನೆಗೆ ಹೋಗುವ ಸರ್ವಿಸ್ ಕೆಲಸದಲ್ಲಿ ಅದಕ್ಕೆ ಬೆಲೆ ಇದೆ.

ಕೆಲಸಕ್ಕೆ ಸೇರಿದ ಮೇಲೆ ಮೊದಲು ನೋಡಬೇಕಾದದ್ದು?

ನೇಮಕಾತಿ ಪತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ಕೊಡಲೇಬೇಕು. ಸಂಬಳ ಬ್ಯಾಂಕಿಗೇ ಬರಲಿ. ಇಎಸ್‌ಐಗೆ 0.75% ಮತ್ತು ಪಿಎಫ್‌ಗೆ 12% ಕಡಿತವಾಗಿದ್ದರೆ ಇಎಸ್‌ಐ (ಕಾರ್ಮಿಕರ ವಿಮೆ) ನಂಬರ್, ಪಿಎಫ್‌ನ ಯುಎಎನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಕಡಿತ ಇದೆ, ನಂಬರ್ ಇಲ್ಲ ಎಂದರೆ ಏನೋ ಸರಿಯಿಲ್ಲ.

ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಬಿಡಬೇಡಿ. ತೋರಿಸಿ, ನಕಲು ಕೊಟ್ಟು, ವಾಪಸ್ ತನ್ನಿ. "ಒಂದು ವರ್ಷ ಬಿಡಬಾರದು, ಅದಕ್ಕೆ ಒರಿಜಿನಲ್ ಇರಲಿ" ಎನ್ನುವಲ್ಲಿ ಜನ ಬಿಟ್ಟುಹೋಗಲು ಬೇರೆ ಕಾರಣ ಇದೆ ಎಂದೇ ಅರ್ಥ.

ಮೊದಲ ಸಂಬಳ ಬರಲು ಮೂವತ್ತು–ನಲವತ್ತು ದಿನ ಬೇಕು. ಅಷ್ಟು ದಿನದ ಬಸ್ಸು, ಊಟ, ಬಾಡಿಗೆಗೆ ಹಣ ಇಲ್ಲದೆ, ಒಳ್ಳೆಯ ಕೆಲಸ ಬಿಟ್ಟು ದಿನಗೂಲಿಗೆ ಮರಳುವವರೇ ಹೆಚ್ಚು. ಯಾರಾದರೂ ಸಹಾಯ ಮಾಡಬೇಕೆಂದಿದ್ದರೆ ಈ ತಿಂಗಳಿಗೆ ಮಾಡಲಿ.

ಬಾಲಮಂದಿರದಲ್ಲಿ ಬೆಳೆದ ಹುಡುಗನಿಗೆ 18 ತುಂಬಿತು. ಮುಂದೆ?

18 ತುಂಬಿದ ಮರುದಿನ ಬೀದಿಗೆ ಬೀಳಬೇಕಾಗಿಲ್ಲ. ಬಾಲನ್ಯಾಯ ಕಾಯ್ದೆ 2015ರಲ್ಲಿ ನಂತರದ ಆರೈಕೆಗೆ ಅವಕಾಶವಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ, ಸಾಮಾನ್ಯವಾಗಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಇದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು. ಹುಟ್ಟುಹಬ್ಬ ಕಳೆದ ಮೇಲೆ ಹೋದರೆ ತಡ. 17 ತುಂಬಿದಾಗಲೇ ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ, ಕೋರ್ಸಿನ ಸೀಟು ಎಲ್ಲ ಆಗಿರಬೇಕು. ಹಾಸ್ಟೆಲ್ ಇರುವ ಕೋರ್ಸನ್ನೇ ಆರಿಸಿ. ಬಾಡಿಗೆ ಕೋಣೆಗೆ ಮುಂಗಡ ಕೊಡುವವರು, ಜಾಮೀನು ನಿಲ್ಲುವವರು ಅವನಿಗೆ ಇಲ್ಲ ಎಂಬುದನ್ನು ಮರೆಯಬಾರದು.

ಹಿಂದೆ ಒಂದು ಪೊಲೀಸ್ ಕೇಸ್ ಇತ್ತು. ಕೆಲಸಕ್ಕೆ ಅಡ್ಡಿಯಾ?

18ರೊಳಗೆ ಆದ, ಬಾಲನ್ಯಾಯ ಮಂಡಳಿಯಲ್ಲಿ ಮುಗಿದ ಪ್ರಕರಣ ಅವನಿಗೆ ಅನರ್ಹತೆ ತರುವುದಿಲ್ಲ. ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುವುದು ಇದನ್ನೇ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದು 74ನೇ ಕಲಂ ಹೇಳುತ್ತದೆ. 16 ದಾಟಿ, ಘೋರ ಅಪರಾಧಕ್ಕೆ ವಯಸ್ಕನಂತೆ ವಿಚಾರಣೆಯಾಗಿದ್ದರೆ ಮಾತ್ರ ಲೆಕ್ಕ ಬೇರೆ. ತೊಂದರೆಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ಕೇಳಬಹುದು.

ಮಗಳಿಗೆ ಕಿವಿ ಕೇಳಿಸುವುದಿಲ್ಲ. ಅವಳು ಏನು ಕಲಿಯಬಹುದು?

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಮಂಗಳೂರಿನವರು ವೆನ್ಲಾಕ್, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬಹುದು. ಅಂಗವೈಕಲ್ಯ 40% ಮತ್ತು ಮೇಲಿದ್ದರೆ ಸರ್ಕಾರಿ ಉದ್ಯೋಗದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4% ಮೀಸಲಾತಿಯ ವ್ಯಾಪ್ತಿಗೆ ಬರುತ್ತಾಳೆ. ಕಿವಿ ಕೇಳದವರಿಗೆ ಹೊಲಿಗೆ, ಕಂಪ್ಯೂಟರ್, ಬೇಕರಿ, ಪ್ರಿಂಟಿಂಗ್ ಹೊಂದುತ್ತವೆ. ಸೇರಿಸುವಾಗ ತರಬೇತುದಾರರಿಗೆ ಎರಡು ಮಾತು ಹೇಳಿ: ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ, ಯಂತ್ರ ನಿಲ್ಲಿಸುವ ಎಚ್ಚರಿಕೆಗೆ ಸೈರನ್ ಜೊತೆ ದೀಪವೂ ಇರಲಿ.

ಕೊರಗ ಸಮುದಾಯದ ಮಕ್ಕಳಿಗೆ ಪ್ರತ್ಯೇಕ ಏನಾದರೂ ಇದೆಯೇ?

ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದ ಎರಡು ಸಮುದಾಯಗಳು ಕೊರಗ ಮತ್ತು ಜೇನುಕುರುಬ. ಎರಡೂ ಜಿಲ್ಲೆಗಳ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯೇ ಇವರ ಮೊದಲ ಬಾಗಿಲು. 2023ರ ನವೆಂಬರ್‌ನಲ್ಲಿ ಇಂಥ ಬುಡಕಟ್ಟುಗಳಿಗಾಗಿ ಶುರುವಾದ ಕೇಂದ್ರದ ಪಿಎಂ ಜನಮನ್ ಯೋಜನೆಯಲ್ಲಿ ಕೌಶಲ್ಯ ತರಬೇತಿಯೂ ಸೇರಿದೆ. ಬುಟ್ಟಿ ಹೆಣೆಯುವ ಕುಲಕಸುಬಿಗೇ ಮಕ್ಕಳನ್ನು ತಳ್ಳುವ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಆ ಹುಡುಗಿಗೆ ನರ್ಸಿಂಗ್ ಬೇಕೋ ಬೆತ್ತ ಬೇಕೋ ಎಂದು ಅವಳನ್ನೇ ಕೇಳಿ.

ಐಟಿಐ ಮುಗಿಸಿ ಗಲ್ಫ್‌ಗೆ ಹೋಗುತ್ತೇನೆ ಎನ್ನುತ್ತಾನೆ.

ಹೋಗಲಿ, ಆದರೆ ಕ್ರಮದಲ್ಲಿ. 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದು ಆಗುತ್ತದೆ. ಅವರು ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನ್‌ಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಪಾಸಾದವರಿಗೆ ಅದರ ಅಗತ್ಯವಿಲ್ಲ. ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಾಯಿತರೇ ನೋಡಿ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳುವವರು, "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎನ್ನುವವರು ಇಬ್ಬರನ್ನೂ ದೂರ ಇಡಿ. ಇಲ್ಲಿ ಎರಡು ವರ್ಷ ಅನುಭವ ಮಾಡಿಕೊಂಡು ಹೋದವನಿಗೂ ಬರಿಗೈಯಲ್ಲಿ ಹೋದವನಿಗೂ ಅಲ್ಲಿ ಸಿಗುವ ಕೆಲಸವೇ ಬೇರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಎರಡು ವರ್ಷಕ್ಕೆ 275 ರೂಪಾಯಿ, 10 ಲಕ್ಷದವರೆಗೆ ರಕ್ಷಣೆ.

ಪ್ರಮಾಣಪತ್ರ ಮಳೆಗೆ ನೆನೆದು ಹಾಳಾಯಿತು. ಏನು ಮಾಡುವುದು?

ಮೊದಲು ಡಿಜಿಲಾಕರ್ ತೆರೆದು ನೋಡಿ. ರಾಜ್ಯದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಐಟಿಐಯ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಅಲ್ಲಿ ಸಿಗುತ್ತವೆ, ಹೆಚ್ಚಿನ ಕಡೆ ಅದು ನಡೆಯುತ್ತದೆ. ವರ್ಗಾವಣೆ ಪತ್ರ ಕಳೆದಿದ್ದರೆ ಕೊನೆಗೆ ಓದಿದ ಶಾಲೆಗೆ ಅರ್ಜಿ ಕೊಟ್ಟು ನಕಲು ಪಡೆಯಬೇಕು. ಶಾಲೆ ಮುಚ್ಚಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ. ಹೊಸ ನಕಲು ಬಂದ ದಿನವೇ ಫೋಟೊ ತೆಗೆದು ತಾಯಿಯ ಮೊಬೈಲಿಗೂ ಒಂದು ಕಳಿಸಿ. ಹುಡುಗರ ಮೊಬೈಲ್ ನಂಬರ್ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ತಾಯಂದಿರದ್ದು ಹಾಗಲ್ಲ.